ಮಾಕಳಿದುರ್ಗದಿಂದ ಕಾಣುವ ಕುಂಪಣಿಯ ಕಾಲ

ಚರಿತ್ರೆಯೆಂಬುದು ಇಸವಿಗಳನ್ನೂ ಯುದ್ಧಗಳನ್ನೂ ಅರಸರ ಹೆಸರುಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯ ದಿವಸ ಒಪ್ಪಿಸಿ, ಮರುದಿವಸ ಮರೆಯತಕ್ಕ ವಿದ್ಯೆಯೆಂದು ನಮ್ಮ ಬಾಲಕರಲ್ಲಿ ಅನೇಕರು ತಿಳಿದಿರುವರು. ಇದಕ್ಕೆ ಬಾಲಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕಣ್ಣಿಗೆ ಕಾಣದ ಕಾಲವನ್ನು ಬರಿಯ ಮಾತಿನಿಂದ ಕಾಣಿಸುವುದು ಪಂಡಿತರಿಗೂ ಕಷ್ಟವಾದ ಕೆಲಸ. ಅದರಲ್ಲಿಯೂ ಪರಂಗಿಯವರು ಈ ನಾಡಿಗೆ ಬಂದು ಮೊದಲು ಅಂಗಡಿಯನ್ನೂ, ತರುವಾಯ ಕೋಟೆಯನ್ನೂ, ಕಡೆಗೆ ರಾಜ್ಯವನ್ನೂ ಕಟ್ಟಿದ ಕಥೆಯು ಹಳ್ಳಿಯ ಹುಡುಗನಿಗೆ ಎಲ್ಲಿಯೋ ಸಮುದ್ರದಾಚೆ ನಡೆದ ಸಂಗತಿಯಂತೆ ತೋರುವುದು. ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಟ್ಟಿ, ದಿನವೂ ಮಾಕಳಿದುರ್ಗದ ಬಂಡೆಯನ್ನು ನೋಡುತ್ತ ಬೆಳೆದ ಬಾಲಕನೂ ಆ ಕಥೆಗೂ ತನ್ನ ಬೆಟ್ಟಕ್ಕೂ ಸಂಬಂಧವುಂಟೆಂದು ತಿಳಿಯನು.

ಈ ಕೊರತೆಯನ್ನು ನೀಗಲು ಈಚಿನ ಕಾಲದಲ್ಲಿ ಒಂದು ಸಾಧನವು ಒದಗಿಬಂದಿದೆ. ಕುಂಪಣಿಯ ಕಾಲದ ಕೋಟೆಕೊತ್ತಲಗಳು, ದಂಡಿನ ಬೀಡುಗಳು, ಹಳೆಯ ನಕ್ಷೆಗಳು, ಆಗಿನ ಚಿತ್ರಗಾರರು ಬರೆದ ಪಟಗಳು ಇವುಗಳನ್ನೆಲ್ಲ ಒಂದೆಡೆ ಪೋಣಿಸಿ ತೋರಿಸುವ ಚಲಚ್ಚಿತ್ರಗಳನ್ನು ಪಾಠಶಾಲೆಗಳಲ್ಲಿ ಉಪಯೋಗಿಸುವ ವಾಡಿಕೆಯು ಹೆಚ್ಚುತ್ತಿದೆ. ಇಂತಹ ಚಿತ್ರವನ್ನು ಕನ್ನಡದಲ್ಲಿ ಸಾಕ್ಷ್ಯಚಿತ್ರವೆಂದು ಕರೆಯುವರು. ಹೆಸರಿಟ್ಟವರು ಯಾರೋ, ಬಹಳ ಒಳ್ಳೆಯ ಹೆಸರನ್ನಿಟ್ಟರು. ಏಕೆಂದರೆ ಸಾಕ್ಷಿಯೆಂದರೆ ಏನೆಂಬುದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಕೋರ್ಟಿನ ಕಟಕಟೆಯಲ್ಲಿ ನಿಂತ ಸಾಕ್ಷಿಯು ಹೇಳಿದುದನ್ನೆಲ್ಲ ಯಾವ ನ್ಯಾಯಾಧಿಪತಿಯೂ ಹಾಗೆಯೇ ನಂಬುವುದಿಲ್ಲ. ನೀನು ಎಲ್ಲಿ ನಿಂತು ನೋಡಿದೆ, ನಿನಗೂ ಪ್ರತಿವಾದಿಗೂ ಏನು ಸಂಬಂಧ, ನಿನ್ನನ್ನು ಕರೆತಂದವರು ಯಾರು ಎಂದು ಪಾಟೀಸವಾಲು ನಡೆಯುವುದು. ಚಿತ್ರಸಾಕ್ಷಿಗೂ ಇದೇ ಪಾಟೀಸವಾಲು ನಡೆಯತಕ್ಕದ್ದು. ಆದರೆ ಕತ್ತಲೆ ಮಾಡಿದ ಕೊಠಡಿಯಲ್ಲಿ ಬಣ್ಣಬಣ್ಣದ ನೆರಳುಗಳು ಓಡಾಡುವಾಗ ಪ್ರಶ್ನೆ ಕೇಳುವ ಬುದ್ಧಿಯು ನಿದ್ದೆ ಹೋಗುವುದುಂಟು. ನೋಡಿದುದು ಬೇಗ ಮರೆಯುವುದಿಲ್ಲ. ತಪ್ಪಾಗಿ ನೋಡಿದುದಂತೂ ಮರೆಯುವುದೇ ಇಲ್ಲ. ಪರಂಗಿಯವರ ಆಗಮನವನ್ನು ಪರಂಗಿಯವರ ಕಣ್ಣಿನಿಂದಲೇ ಕಂಡ ಬಾಲಕನು ತನ್ನ ಪೂರ್ವಿಕರನ್ನು ಜೀವಮಾನವೆಲ್ಲ ಪಟದ ಮೂಲೆಯಲ್ಲಿ ನಿಂತ ಬೊಂಬೆಗಳೆಂದೇ ಭಾವಿಸುವ ಅಪಾಯವಿದೆ.

ಚಿತ್ರದಿಂದ ಪಾಠ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. ತೊಗಲುಗೊಂಬೆಯ ಕಿಳ್ಳೇಕ್ಯಾತರು ಬಿಳಿಯ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಮಹಾಭಾರತಗಳನ್ನು ಅಕ್ಷರವರಿಯದವರಿಗೂ ಕಲಿಸಿದರು. ೧೯೭೫ನೆಯ ಆಗಸ್ಟ್ ಮೊದಲುಗೊಂಡು ಒಂದು ವರ್ಷಕಾಲ, ಅಮೆರಿಕದವರಿಂದ ಎರವಲು ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿದಾಗ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಆಗ ನೆಲದ ಮೇಲೆ ಕುಳಿತು ಪೆಟ್ಟಿಗೆಯನ್ನು ನೋಡಿದ ಮಕ್ಕಳು ಈಗ ಮೊಮ್ಮಕ್ಕಳನ್ನು ಕಂಡಿರಬಹುದು. ೨೦೦೪ರಲ್ಲಿ ವಿದ್ಯಾಭ್ಯಾಸಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದುವು. ಈಗ ಉಪಗ್ರಹದ ಹಂಗೂ ಇಲ್ಲ; ಉಪಾಧ್ಯಾಯರ ಅಂಗಿಯ ಜೇಬಿನಲ್ಲಿಯೇ ಚಿತ್ರಶಾಲೆಯುಂಟು. ಸಾಧನದ ಅಭಾವವೆಂಬ ನೆಪವು ಬಹುಮಟ್ಟಿಗೆ ತೀರಿತು. ಉಳಿದಿರುವ ಪ್ರಶ್ನೆ, ತೋರಿಸುವುದು ಹೇಗೆಂಬುದು.

ಪರಂಗಿಯವರ ಮೊದಲ ನೆಲೆಗಳು ಕನ್ನಡನಾಡಿನ ಕರಾವಳಿಯಲ್ಲಿದ್ದುವು. ಅವರನ್ನು ಎಳೆದು ತಂದುದು ಮೆಣಸು. ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದು, ಕ್ರಮೇಣ ಹೊನ್ನಾವರ, ಮಂಗಳೂರು ಮೊದಲಾದೆಡೆಗಳಲ್ಲಿ ಕೋಟೆಗಳನ್ನು ಕಟ್ಟಿಕೊಂಡರು. ಇಂಗ್ಲೀಷರು ೧೬೩೮ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿಯನ್ನಿಟ್ಟರು. ಆ ಕಾಲದಲ್ಲಿ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳುತ್ತಿದ್ದವರು ವೀರಶೈವ ಅರಸರಾದ ಕೆಳದಿಯ ನಾಯಕರು. ಮೆಣಸಿನ ವ್ಯಾಪಾರದ ಮಾತಿಗಾಗಿ ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯು ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಒಲಗದಲ್ಲಿ ಕಾದಿರಬೇಕಾಯಿತು. ೧೬೫೦ರ ದಶಕದಲ್ಲಿ ಶಿವಪ್ಪನಾಯಕನು ಅವರ ಕರಾವಳಿಯ ಕೋಟೆಗಳನ್ನೇ ಕಿತ್ತುಕೊಂಡನು. ಅಂದರೆ ಪರಂಗಿಯವರು ಬಂದೊಡನೆಯೇ ಇಲ್ಲಿಯವರೆಲ್ಲರೂ ತಲೆಬಾಗಿದರೆಂಬುದು ಸುಳ್ಳು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಅರ್ಜಿದಾರರಾಗಿಯೂ ಬಾಡಿಗೆದಾರರಾಗಿಯೂ ಇದ್ದರು. ಸಾಕ್ಷ್ಯಚಿತ್ರಗಳು ಈ ದೀರ್ಘಕಾಲವನ್ನು ಎರಡು ನಿಮಿಷಗಳಲ್ಲಿ ದಾಟಿ ಯುದ್ಧಕ್ಕೆ ಹಾರುವುದುಂಟು, ಉಪಾಧ್ಯಾಯರು ಹಾರಬಾರದು.

ಆ ರಾಯಭಾರಿಯ ಜೊತೆಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿ ದೇಶದ ಯಾತ್ರಿಕನಿದ್ದನು. ಅವನು ತನ್ನ ಮಿತ್ರನಿಗೆ ಬರೆದ ಪತ್ರಗಳಲ್ಲಿ ಘಟ್ಟದ ಮೇಲಣ ಒಂದು ದೇವಾಲಯದ ಮೊಗಸಾಲೆಯಲ್ಲಿ ಕಂಡ ನಾಲ್ವರು ಬಾಲಕರ ಸಂಗತಿಯನ್ನು ಹೇಳಿರುವನು. ಅವರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಒಬ್ಬನು ರಾಗವಾಗಿ ಹೇಳಿದುದನ್ನು ಉಳಿದವರೂ ಹೇಳುತ್ತ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತಿದ್ದರಂತೆ. ಜಾಗವು ತುಂಬಿದರೆ ಅದರ ಮೇಲೆಯೇ ಹೊಸ ಮರಳನ್ನು ಚೆಲ್ಲುತ್ತಿದ್ದರು. ಉಪಾಧ್ಯಾಯನೆಲ್ಲಿ ಎಂದು ಕೇಳಿದರೆ, ಉಪಾಧ್ಯಾಯನಿಲ್ಲದೆಯೂ ಒಬ್ಬರಿಂದೊಬ್ಬರು ಹಳೆಯ ಪಾಠವನ್ನು ಜ್ಞಾಪಿಸಿಕೊಳ್ಳುತ್ತಿದ್ದೇವೆಂದು ಉತ್ತರ ಕೊಟ್ಟರಂತೆ. ಯಾತ್ರಿಕನು ಆಶ್ಚರ್ಯಪಟ್ಟು ಇದನ್ನು ಸುಲಭವೂ ಭದ್ರವೂ ಆದ ಕ್ರಮವೆಂದು ಮೆಚ್ಚಿದನು. ಪರಂಗಿಯವನ ಕಣ್ಣೆಲ್ಲವೂ ಹಗೆಗಣ್ಣಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಸೈನ್ಯದ ಜೊತೆಯಲ್ಲಿ ಬಾರದೆ, ಕುತೂಹಲದಿಂದ ಬಂದವನಿಗೆ ಕಲಿಯುವ ಹುಡುಗರೂ ಕಾಣಿಸಿದರು.

ಸೈನ್ಯದ ಜೊತೆಯಲ್ಲಿ ಬಂದ ಕಣ್ಣುಗಳ ರೀತಿಯೇ ಬೇರೆ. ೧೭೯೧ನೆಯ ಇಸವಿಯಲ್ಲಿ ಗವರ್ನರ್ ಜನರಲ್ ಲಾರ್ಡ್ ಕಾರನ್ವಾಲಿಸನು ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದು ಮಾರ್ಚ್ ೭ರಂದು ಬೆಂಗಳೂರಿನ ಪೇಟೆಯನ್ನೂ, ೨೧ರ ರಾತ್ರಿ ಕೋಟೆಯನ್ನೂ ಲಗ್ಗೆ ಹತ್ತಿ ಹಿಡಿದನು. ಅನಂತರ ದೇವನಹಳ್ಳಿ ಅವನ ವಶವಾಯಿತು. ಅದೇ ವರ್ಷ ಅಕ್ಟೋಬರ್ ೧೯ರಂದು ನಂದಿದುರ್ಗವು ಮೂರು ವಾರಗಳ ಮುತ್ತಿಗೆಯ ತರುವಾಯ ಬಿದ್ದಿತು. ಡಿಸೆಂಬರ್ ೨೧ರಂದು ಸಾವನದುರ್ಗ, ಅದೇ ತಿಂಗಳು ಹುತ್ರಿದುರ್ಗ. ಈ ದಂಡಿನ ಜೊತೆಯಲ್ಲಿ ಸಿಪಾಯಿಗಳೂ ತೋಪುಗಳೂ ಮಾತ್ರ ಬರಲಿಲ್ಲ, ಚಿತ್ರಗಾರರೂ ಬಂದರು. ರಾಬರ್ಟ್ ಹೋಮ್ ಎಂಬವನು ಸೈನ್ಯದೊಡನೆ ಸಂಚರಿಸಿ ಬರೆದ ಚಿತ್ರಗಳ ಪುಸ್ತಕವು ೧೭೯೪ರಲ್ಲಿ ಅಚ್ಚಾಯಿತು. ಕೋಲ್‌ಬ್ರೂಕ್, ಅಲನ್, ಹಂಟರ್ ಎಂಬ ಸೇನಾಧಿಕಾರಿಗಳು ಬರೆದ ಪಟಗಳೂ ಅಲ್ಲಿಂದ ಹತ್ತಾರು ವರ್ಷಗಳೊಳಗೆ ಪ್ರಕಟವಾದುವು. ಮೈಸೂರು ಸೀಮೆಯ ಬೆಟ್ಟಗಳೆಂದರೆ ಆಗ ಆ ದೇಶದಲ್ಲಿ ಎಲ್ಲರ ಬಾಯಲ್ಲೂ ಇದ್ದ ಸುದ್ದಿ. ಅವುಗಳ ಚಿತ್ರಗಳನ್ನು ಹಣವಂತರು ಕೊಂಡು ಗೋಡೆಗೆ ತೂಗುಹಾಕಿದರು.

ಇಂದಿನ ಸಾಕ್ಷ್ಯಚಿತ್ರಗಳನ್ನು ತಯಾರಿಸುವವರಿಗೆ ಆ ಕಾಲವನ್ನು ತೋರಿಸಲು ದೊರೆಯುವ ಪಟಗಳಲ್ಲಿ ಮುಖ್ಯವಾದುವು ಇವೇ. ಛಾಯಾಚಿತ್ರಕಲೆಯು ಆಗಿನ್ನೂ ಹುಟ್ಟಿರಲಿಲ್ಲವಷ್ಟೆ. ಆದಕಾರಣ ಬೆಂಗಳೂರಿನ ಮುತ್ತಿಗೆಯ ಮಾತು ಬಂದಾಗ ತೆರೆಯ ಮೇಲೆ ಹೋಮನ ಚಿತ್ರವು ಬರುವುದು. ಪೇಟೆಯ ಬಾಗಿಲಿನ ಲಗ್ಗೆಯಲ್ಲಿ ಮಡಿದ ಕರ್ನಲ್ ಮೂರ್‌ಹೌಸನ ಮರಣವನ್ನು ಹೋಮನು ದೊಡ್ಡ ಪಟವಾಗಿ ಬರೆದನು. ಅದು ಈಗಲೂ ಲಂಡನ್ನಿನ ಸೈನ್ಯದ ವಸ್ತುಸಂಗ್ರಹಾಲಯದಲ್ಲಿದೆ. ಬೀಳುತ್ತಿರುವ ಅಧಿಕಾರಿ, ಅವನನ್ನು ತಾಳಿದ ಜೊತೆಗಾರರು ನಡುವೆ. ನೋಡುವವನ ಕಣ್ಣಿನಲ್ಲಿ ನೀರು ಬರುವಂತೆ ಬರೆದಿರುವನು. ತಪ್ಪೇನೂ ಇಲ್ಲ, ಸತ್ತವನೂ ಮನುಷ್ಯನೇ. ಆದರೆ ಅದಾದ ಎರಡು ವಾರಗಳಿಗೆ ಅದೇ ಊರಿನ ಕೋಟೆಯಲ್ಲಿ ಕಿಲ್ಲೇದಾರ ಬಹಾದ್ದೂರ್ ಖಾನನು ಹೋರಾಡುತ್ತಲೇ ಮಡಿದನು. ಪೇಟೆಯಲ್ಲಿ ಮನೆಮಾರುಗಳನ್ನು ಕಳೆದುಕೊಂಡ ನೇಕಾರರೂ ವರ್ತಕರೂ ಎಷ್ಟೋ ಮಂದಿ. ಅವರಿಗೆ ಚಿತ್ರಗಾರನು ಸಿಕ್ಕಲಿಲ್ಲ. ಇಲ್ಲಿ ಉಪಾಧ್ಯಾಯರು ಯಂತ್ರವನ್ನು ನಿಲ್ಲಿಸಿ, ಈ ಚಿತ್ರವನ್ನು ಬರೆದವನು ಕೋಟೆಯ ಗೋಡೆಯ ಯಾವ ಕಡೆಯಲ್ಲಿ ನಿಂತಿದ್ದನೆಂದು ಹುಡುಗರನ್ನು ಕೇಳಲಿ. ಬೇರೆ ಯಾವ ವಿವರಣೆಯೂ ಬೇಡ. ಹತ್ತು ವರ್ಷದ ಹುಡುಗನೂ ಹೊರಗಡೆಯೆಂದು ಹೇಳಬಲ್ಲನು. ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತಿದ್ದಿತು ಎಂಬ ಮುಂದಿನ ಪ್ರಶ್ನೆಯನ್ನು ಅವನೇ ಕೇಳುವನು.

ಒಳಗಿನಿಂದ ನೋಡಿದ ಚಿತ್ರವೂ ಒಂದುಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, ೧೭೮೦ನೆಯ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಕುಂಪಣಿಯ ಸೈನ್ಯವನ್ನು ಮುರಿದ ಕಾಳಗವನ್ನು ಬರೆದಿದೆ. ಕರ್ನಲ್ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವನು; ಅವನ ಮದ್ದಿನ ಬಂಡಿಯು ಸಿಡಿಯುತ್ತಿದೆ; ಮೈಸೂರಿನ ಸವಾರರು ಸುತ್ತಲೂ ಮುತ್ತಿರುವರು. ಸುಲ್ತಾನನಾದರೋ ಕುದುರೆಯ ಮೇಲೆ ಹೂವನ್ನು ಮೂಸುತ್ತ ನಿಶ್ಚಿಂತನಾಗಿರುವನು. ಹೋಮನ ಪಟವನ್ನೂ ಈ ಗೋಡೆಯ ಚಿತ್ರವನ್ನೂ ಒಂದರ ಪಕ್ಕದಲ್ಲೊಂದಾಗಿ ತೋರಿಸಿದರೆ ಒಂದು ಗಂಟೆಯ ಉಪನ್ಯಾಸದಿಂದ ಆಗದ ಕಾರ್ಯವು ಆಗುವುದು. ಇದೂ ಪಕ್ಷಪಾತವಿಲ್ಲದ ಸಾಕ್ಷಿಯಲ್ಲವೆಂದು ಹೇಳುವುದು ಅವಶ್ಯಕ. ಇದನ್ನು ಬರೆಯಿಸಿದವನು ಗೆದ್ದ ಅರಸ. ಮೇಲಾಗಿ ಈ ಚಿತ್ರವು ಕಾಲಾಂತರದಲ್ಲಿ ಮಾಸಿ, ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯ ಅಪ್ಪಣೆಯಿಂದ ಒಮ್ಮೆಯೂ, ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆಯೂ ಹೊಸದಾಗಿ ಬಣ್ಣ ಕಂಡಿತು. ತಮ್ಮ ಸೋಲಿನ ಚಿತ್ರವನ್ನು ಇಂಗ್ಲೀಷರೇ ಕಾಪಾಡಿದರೆಂಬುದು ವಿಚಿತ್ರವಾದರೂ ನಿಜ. ಚರಿತ್ರೆಯು ಹಗೆತನದ ಒಂದೇ ದಾರದಿಂದ ನೆಯ್ದ ಬಟ್ಟೆಯಲ್ಲವೆಂಬುದನ್ನು ಹುಡುಗರು ಇಂತಹವುಗಳಿಂದ ಕಲಿಯತಕ್ಕದ್ದು.

ಈ ಪಾಟೀಸವಾಲು ನಮ್ಮ ದೇಶಕ್ಕೆ ಮಾತ್ರ ಬೇಕಾದುದೆಂದು ತಿಳಿಯಬಾರದು. ಅಮೆರಿಕದಲ್ಲಿ ಇಂಗ್ಲೀಷರ ಮೊದಲ ನೆಲೆಗಳ ವಿಷಯವಾಗಿ ಅಲ್ಲಿಯ ಶಾಲೆಗಳಲ್ಲಿ ತೋರಿಸುವ ಚಿತ್ರಗಳಲ್ಲಿ ಆ ನಾಡಿನ ಮೂಲನಿವಾಸಿಗಳ ರೂಪವು ಬರುವುದು ಬಹುಮಟ್ಟಿಗೆ ಜಾನ್ ವೈಟ್ ಎಂಬವನು ೧೫೮೫ರ ಯಾತ್ರೆಯಲ್ಲಿ ಬರೆದ ಚಿತ್ರಗಳಿಂದ. ಅವನು ಕಣ್ಣಾರೆ ಕಂಡು ಬರೆದನು. ಆದರೆ ೧೫೯೦ರಲ್ಲಿ ದೆ ಬ್ರೀ ಎಂಬವನು ಜರ್ಮನಿಯಲ್ಲಿ ಅವುಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚುಹಾಕಿದಾಗ, ಆ ಜನರನ್ನು ಎಂದೂ ನೋಡದ ಕಾರಣ, ಅವರ ಮುಖ ಮೈಕಟ್ಟುಗಳನ್ನು ಯೂರೋಪಿನವರ ಅಚ್ಚಿಗೆ ತಂದನು. ಲೋಕದಲ್ಲೆಲ್ಲ ಹರಡಿದುದು ಈ ತಿದ್ದಿದ ಪಟಗಳೇ. ಅದೇ ದೇಶದಲ್ಲಿ ೧೬೦೭ರಲ್ಲಿ ಕಟ್ಟಿದ ಜೇಮ್ಸ್‌ಟೌನ್ ಎಂಬ ಕೋಟೆಯನ್ನು ನದಿಯು ಕೊಚ್ಚಿಕೊಂಡುಹೋಯಿತೆಂದು ಬಹುಕಾಲ ನಂಬಿದ್ದರು. ೧೯೯೪ರಿಂದ ನೆಲವನ್ನು ಅಗೆದು ನೋಡಿದಾಗ ಕೋಟೆಯ ಬಹುಭಾಗದ ಗುರುತುಗಳು ಭೂಮಿಯಲ್ಲಿಯೇ ಸಿಕ್ಕಿದುವು. ನೆಲವು ಪುಸ್ತಕವನ್ನು ತಿದ್ದಿತು.

ಪ್ರಸಂಗವಶಾತ್ ಒಂದು ಮಾತು. ಅಮೆರಿಕದ ಯಾರ್ಕ್‌ಟೌನಿನಲ್ಲಿ ೧೭೮೧ನೆಯ ಅಕ್ಟೋಬರ್ ೧೯ರಂದು ತನ್ನ ಸೈನ್ಯವನ್ನು ಶತ್ರುಗಳಿಗೆ ಒಪ್ಪಿಸಬೇಕಾದ ಸೇನಾಪತಿಯೂ ಇದೇ ಕಾರನ್ವಾಲಿಸನೇ. ನಂದಿದುರ್ಗವು ಬಿದ್ದುದು ಸರಿಯಾಗಿ ಹತ್ತು ವರ್ಷಗಳ ತರುವಾಯ, ಅದೇ ತಾರೀಖಿನಂದು. ಅಲ್ಲಿ ಕಳೆದುಕೊಂಡ ಕೀರ್ತಿಯನ್ನು ಇಲ್ಲಿ ಸಂಪಾದಿಸಿದನೆಂದು ಆ ಕಾಲದವರು ಹೇಳಿಕೊಂಡರೆ ಆಶ್ಚರ್ಯವಿಲ್ಲ. ಕುಂಪಣಿಯ ಚಿತ್ರಗಾರರಿಗೆ ಅಷ್ಟೊಂದು ಗಿರಾಕಿ ಇದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನು ದಂಡಿನ ವಿಷಯ. ನೆಲೆಯೂರುವುದೆಂದರೆ ಯುದ್ಧವನ್ನು ಗೆಲ್ಲುವುದಲ್ಲ, ಗೆದ್ದ ಮೇಲೆ ಉಳಿಯುವುದು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ತರುವಾಯ ಕುಂಪಣಿಯ ಸೈನ್ಯವು ಅಲ್ಲಿಯೇ ಬೀಡುಬಿಟ್ಟಿತು. ಆದರೆ ಅಲ್ಲಿಯ ಚಳಿಜ್ವರವು ಸಿಪಾಯಿಗಳನ್ನು ತಿನ್ನತೊಡಗಿದುದರಿಂದ ೧೮೦೯ರಲ್ಲಿ ಹಲಸೂರಿನ ಬಳಿಯ ಎತ್ತರವಾದ ಬಯಲಿಗೆ ಬಂದರು. ಬೆಂಗಳೂರು ದಂಡು ಹುಟ್ಟಿದುದು ಹೀಗೆ. ಪೇಟೆಯು ಒಂದು ಕಡೆ, ದಂಡು ಮತ್ತೊಂದು ಕಡೆ. ಎರಡು ಊರು, ಎರಡು ಆಡಳಿತ, ಎರಡು ಬಗೆಯ ಮಾತು. ೧೮೬೪ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ಮೊದಲ ರೈಲುಗಾಡಿಯು ಬಂದು ನಿಂತುದು ದಂಡಿನಲ್ಲಿಯೇ. ೧೮೮೧ರಲ್ಲಿ ಮೈಸೂರು ಮಹಾರಾಜರಿಗೆ ರಾಜ್ಯವನ್ನು ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ಇಂಗ್ಲೀಷರು ತಮ್ಮಲ್ಲಿಯೇ ಉಳಿಸಿಕೊಂಡರು. ಅದು ಹಿಂದಕ್ಕೆ ಬಂದುದು ೧೯೪೭ರಲ್ಲಿ. ಎರಡು ಊರುಗಳೂ ಒಂದೇ ಕಾರ್ಪೊರೇಷನ್ನಿಗೆ ಸೇರಿದುದು ೧೯೪೯ರಲ್ಲಿ.

ಚಲಚ್ಚಿತ್ರಗಳಲ್ಲಿ ಈ ದಂಡೆಂದರೆ ಅಗಲವಾದ ರಸ್ತೆ, ಕೆಂಪು ಹೆಂಚಿನ ಬಂಗಲೆ, ಬಿಳಿಯ ಚರ್ಚು, ಕವಾಯತಿನ ಮೈದಾನ. ಇವೆಲ್ಲ ನಿಜವೇ. ಆದರೆ ಸಾವಿರಾರು ಸಿಪಾಯಿಗಳಿಗೆ ದಿನವೂ ಅಕ್ಕಿ, ರಾಗಿ, ತುಪ್ಪ, ಹುಲ್ಲು, ಸೌದೆಗಳನ್ನು ತಂದವರಾರು? ತಮಿಳು ಸೀಮೆಯಿಂದ ಬಂದ ಸಿಪಾಯಿಗಳು, ಗುತ್ತಿಗೆದಾರರು, ಮನೆಗೆಲಸದವರು, ಸುತ್ತಲಿನ ಹಳ್ಳಿಗಳ ಬಂಡಿಯವರು ಇವರಿಲ್ಲದಿದ್ದರೆ ಆ ಬಂಗಲೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲ.

ಇದಕ್ಕೆ ಯುದ್ಧಕಾಲದಿಂದಲೇ ಒಂದು ಉದಾಹರಣೆಯಿದೆ; ಈ ಸೀಮೆಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹಿಡಿಸುವ ಉದಾಹರಣೆಯು ಮತ್ತೊಂದಿಲ್ಲ. ೧೭೯೧ನೆಯ ಮೇ ತಿಂಗಳಲ್ಲಿ ಕಾರನ್ವಾಲಿಸನು ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ, ಅರಕೆರೆಯ ಬಳಿ ಕಾದಾಡಿ ಗೆದ್ದರೂ, ಕೋಟೆಯನ್ನು ಮುತ್ತಲಾರದೆ ಹಿಂದಿರುಗಿದನು. ತಾನು ಅಷ್ಟು ದೂರ ಎಳೆಸಿಕೊಂಡು ಹೋಗಿದ್ದ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಬೇಕಾಯಿತು. ಕಾರಣವೇನು? ಎತ್ತುಗಳು. ಮೇವಿಲ್ಲದೆ, ರೋಗ ತಗುಲಿ, ಎತ್ತುಗಳು ಗುಂಪುಗುಂಪಾಗಿ ಸತ್ತುವು. ಸೈನ್ಯದ ಹೊಟ್ಟೆಯನ್ನು ತುಂಬಿದವರು ಹೇರೆತ್ತುಗಳ ಮೇಲೆ ಧಾನ್ಯವನ್ನು ಸಾಗಿಸುತ್ತಿದ್ದ ಲಂಬಾಣಿಗರು. ಮಾಕಳಿದುರ್ಗಕ್ಕೆ ಸಮೀಪದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡ ಹುಡುಗನಿಗೆ ಒಂದು ಜೊತೆ ಎತ್ತಿನ ಬೆಲೆಯೇನು, ಅದರ ಮೇವೆಷ್ಟು, ಅದು ಎಷ್ಟು ಭಾರವನ್ನೆಳೆದೀತು ಎಂಬುದನ್ನು ಯಾರೂ ಕಲಿಸಬೇಕಾದುದಿಲ್ಲ. ಗವರ್ನರ್ ಜನರಲನ ಹಿಮ್ಮೆಟ್ಟುವಿಕೆಯನ್ನು ಅವನು ಲಂಡನ್ನಿನ ಪಂಡಿತನಿಗಿಂತ ಬೇಗ ಅರ್ಥಮಾಡಿಕೊಳ್ಳುವನು. ಮೈಸೂರಿನವರ ಸೈನ್ಯವು ಅಷ್ಟು ವೇಗವಾಗಿ ಸಂಚರಿಸುತ್ತಿದ್ದುದು ಅಮೃತಮಹಲಿನ ಎತ್ತುಗಳ ಬಲದಿಂದ ಎಂದು ಹೇಳಿದರೆ ಅವನ ಮುಖವು ಅರಳುವುದು. ೧೭೯೯ರ ತರುವಾಯ ಕುಂಪಣಿಯವರು ಆ ದನಗಳ ಹಿಂಡುಗಳನ್ನೂ ತಮ್ಮ ವಶಕ್ಕೆ ತೆಗೆದುಕೊಂಡುದು ಏಕೆಂಬುದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸಾಕ್ಷ್ಯಚಿತ್ರದಲ್ಲಿ ತೋಪಿನ ಸದ್ದು ಕೇಳುವುದು, ಎತ್ತಿನ ಕೊರಳ ಗಂಟೆಯು ಕೇಳುವುದಿಲ್ಲ.

ಪಟಗಳಿಗಿಂತ ಹೆಚ್ಚು ನಂಬಲರ್ಹವಾದ ಬರಹದ ಸಾಕ್ಷಿಗಳೂ ಈ ಸೀಮೆಗೆ ಸಂಬಂಧಿಸಿದಂತೆ ಇರುವುವು. ಕುಂಪಣಿಯ ಅಪ್ಪಣೆಯಂತೆ ೧೮೦೦ರಲ್ಲಿ ಮದರಾಸಿನಿಂದ ಹೊರಟ ಡಾಕ್ಟರ್ ಬುಕಾನನನು ದೊಡ್ಡಬಳ್ಳಾಪುರಕ್ಕೂ ಬಂದನು. ರೈತನ ನೇಗಿಲು, ನೇಕಾರನ ಮಗ್ಗ, ಬೆಳೆ, ಕಂದಾಯ, ಜಾತಿಗಳ ಆಚಾರ ಇವುಗಳನ್ನೆಲ್ಲ ಬೇಸರವಿಲ್ಲದೆ ಕೇಳಿ ಬರೆದುಕೊಂಡನು. ಅವನ ಮೂರು ಸಂಪುಟಗಳು ೧೮೦೭ರಲ್ಲಿ ಅಚ್ಚಾದುವು. ಅವನು ಕೇಳಿದುದು ಜ್ಞಾನಕ್ಕಾಗಿಯೇ ಎಂದು ಹೇಳಲಾಗದು. ಹೊಸದಾಗಿ ಕೈಸೇರಿದ ಸೀಮೆಯಿಂದ ಏನೇನು ಹುಟ್ಟುವಳಿಯಾದೀತೆಂಬುದು ಅವನನ್ನು ಕಳುಹಿಸಿದವರ ಲೆಕ್ಕ. ಆದರೂ ಆಗಿನ ಮಗ್ಗವು ಹೇಗಿದ್ದಿತೆಂಬುದು ನಮಗೆ ಇಂದು ತಿಳಿಯುವುದು ಅವನಿಂದಲೇ. ಅದೇ ಕಾಲದಲ್ಲಿ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಯಿಸಿದ ಕರ್ನಲ್ ಮೆಕೆಂಜಿಯು ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಸಂಗ್ರಹಿಸಿದನೆಂದು ಅವನ ಹೆಸರನ್ನು ಹೇಳುವೆವಾದರೂ ಶಾನುಭೋಗರ ಕಡತಗಳನ್ನೂ ದೇವಾಲಯ ಮಠಗಳ ಓಲೆಗಳನ್ನೂ ಹುಡುಕಿ ಓದಿದವರು ಕಾವಲಿ ವೆಂಕಟಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದ ನಮ್ಮವರು. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಸಾಹೇಬರು ಪ್ರಕಟಿಸಿದ ಶಾಸನಸಂಪುಟಗಳಲ್ಲಿ ೧೯೦೫ರ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯದು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳ ಕಲ್ಬರಹಗಳು ಅದರಲ್ಲಿರುವುವು. ಯಾವ ಪಾಠಶಾಲೆಯ ಪುಸ್ತಕಭಂಡಾರದಲ್ಲಿಯೂ ಇಲ್ಲದಿರಬಾರದ ಗ್ರಂಥವಿದು.

ಕಲ್ಲುಗಳಿಗೂ ಅದೃಷ್ಟವುಂಟು. ಬೆಂಗಳೂರಿನ ಹಳೆಯ ಕೋಟೆಯ ಉಳಿದ ಗೋಡೆಯಲ್ಲಿ ೧೭೯೧ರ ಲಗ್ಗೆಯು ನಡೆದ ಸ್ಥಳವನ್ನು ತಿಳಿಸುವ ಶಿಲಾಫಲಕವೊಂದು ಇಂದಿಗೂ ಇದೆ. ಆ ಯುದ್ಧದಲ್ಲಿ ಸತ್ತ ಕುಂಪಣಿಯವರ ಹೆಸರುಗಳನ್ನು ಕೆತ್ತಿದ ಸ್ಮಾರಕಸ್ತಂಭವು ಪೇಟೆಗೂ ದಂಡಿಗೂ ನಡುವೆ ನಿಂತಿದ್ದು, ೧೯೬೪ರಲ್ಲಿ ಅದನ್ನು ಕಿತ್ತುಹಾಕಿದರು. ಪರಾಧೀನತೆಯ ಗುರುತೇಕೆಂದು ಕಿತ್ತವರ ವಾದ. ಚರಿತ್ರೆಯ ಸಾಕ್ಷಿಯನ್ನು ನಾಶಮಾಡಿದಂತಾಯಿತೆಂದು ಬೇಡವೆಂದವರ ವಾದ. ಎರಡನ್ನೂ ಮೇಲಿನ ತರಗತಿಯ ವಿದ್ಯಾರ್ಥಿಗಳ ಮುಂದಿಟ್ಟು ಅವರಿಂದಲೇ ಚರ್ಚೆ ಮಾಡಿಸಬಹುದು. ಸ್ತಂಭವು ನಿಂತಿದ್ದರೆ ಅದರ ಮುಂದೆ ನಿಂತು ಇಲ್ಲಿಯವರ ಹೆಸರುಗಳೆಲ್ಲಿ ಎಂದು ಹುಡುಗರು ಕೇಳಬಹುದಾಗಿತ್ತೆಂಬುದೂ ಯೋಚಿಸತಕ್ಕ ಮಾತು.

ಈಗ ಮಾಕಳಿದುರ್ಗಕ್ಕೆ ಬರುವ. ಬೆಂಗಳೂರಿನ ಸುತ್ತಣ ನವದುರ್ಗಗಳಲ್ಲಿ ಒಂದೆಂದು ಇದನ್ನು ಎಣಿಸುವರು. ಸಮುದ್ರಮಟ್ಟದಿಂದ ಸುಮಾರು ೧,೧೦೦ ಮೀಟರು ಎತ್ತರದ ಬಂಡೆಯ ಬೆಟ್ಟ. 1ನೆಲೆಯ ಮೇಲೆ ಹಳೆಯ ಕೋಟೆಯ ಗೋಡೆಗಳು, ಶಿವಾಲಯ, ಅದರೆದುರು ನಂದಿ. ಮಾರ್ಕಂಡೇಯ ಋಷಿಯು ಇಲ್ಲಿ ತಪಸ್ಸು ಮಾಡಿದನೆಂದು ಜನರ ನಂಬಿಕೆ. ಬುಡದಲ್ಲಿ ರೈಲುದಾರಿ, ಅದಕ್ಕೆ ಬೆಟ್ಟದ ಹೆಸರಿನದೇ ನಿಲ್ದಾಣ; ಒಂದು ಕಡೆ ಗುಂಡಮಗೆರೆಯ ಕೆರೆ. ೧೭೯೧ರ ಯುದ್ಧದ ಪ್ರಸಿದ್ಧ ಮುತ್ತಿಗೆಗಳ ಪಟ್ಟಿಯಲ್ಲಿ ಮಾಕಳಿದುರ್ಗದ ಹೆಸರಿಲ್ಲ. ಸಾವನದುರ್ಗದ ಹಾಗೆ ಇದು ವಿಲಾಯತಿಯ ಗೋಡೆಗಳ ಮೇಲೆ ಮೆರೆಯಲಿಲ್ಲ. ತೋಪು ಹಾರಿದ ಕಡೆಗೇ ಚಿತ್ರಗಾರನ ಕಣ್ಣು. ಚಿತ್ರಗಾರನು ಹೋದ ಕಡೆಗೇ ಚಲಚ್ಚಿತ್ರದವನ ದಾರಿ. ಇದರಿಂದಲೇ ಈ ಬೆಟ್ಟವು ಪಾಠಕ್ಕೆ ಹೆಚ್ಚು ಯೋಗ್ಯವಾಗಿದೆ. ಯಾರೂ ಮುಂಚೆಯೇ ಬರೆದಿಟ್ಟ ಪಟವಿಲ್ಲದುದರಿಂದ ಇಲ್ಲಿ ಬಾಲಕನು ತನ್ನ ಕಣ್ಣಿನಿಂದಲೇ ನೋಡಬೇಕಾಗುವುದು.

ನೆತ್ತಿಯ ಮೇಲೆ ನಿಂತು, ಆಕಾಶವು ತಿಳಿಯಾಗಿರುವಾಗ, ಮೂಡಲಿಗೆ ತಿರುಗಿದರೆ ನಂದಿಬೆಟ್ಟದ ಸಾಲು. ಅದರ ನೆತ್ತಿಗೆ ತೋಪುಗಳು ಗುಂಡು ಹಾರಿಸಿದ ರಾತ್ರಿಗಳಲ್ಲಿ ಈ ಕೋಟೆಯ ಕಾವಲಿನವನಿಗೆ ಬೆಳಕು ಕಂಡಿರಬಹುದಲ್ಲವೇ ಎಂದು ಹುಡುಗರು ಕೇಳುವರು, ಕಂಡಿರಬಹುದು. ಮುಂದೆ ಅದೇ ನಂದಿಯ ಮೇಲೆ, ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಕಬ್ಬನ್ ಸಾಹೇಬರು ಬೇಸಿಗೆಯಲ್ಲಿ ತಂಗುತ್ತಿದ್ದರು. ಕೋಟೆಯು ತಂಗುಮನೆಯಾಯಿತು. ಆಗ್ನೇಯಕ್ಕೆ ದೇವನಹಳ್ಳಿಯ ದಿಕ್ಕು. ಅಲ್ಲಿ ೧೭೪೯ರ ಮುತ್ತಿಗೆಯಲ್ಲಿಯೇ ಹೈದರನು ಮೊದಲು ಹೆಸರು ಗಳಿಸಿದನು. ಕೆಳಗೆ ದೊಡ್ಡಬಳ್ಳಾಪುರ, ಆವತಿಯ ನಾಡಪ್ರಭುಗಳು, ಬಿಜಾಪುರದವರು, ಮೊಗಲರು, ೧೭೬೧ರಲ್ಲಿ ಹೈದರನು, ಹೀಗೆ ಕೈಯಿಂದ ಕೈಗೆ ದಾಟಿದ ಊರು. ಕುಂಪಣಿಯವರು ಈ ಸಾಲಿನಲ್ಲಿ ಕೊನೆಗೆ ಬಂದವರು. ಅವರ ಆಗಮನದಿಂದಲೇ ಚರಿತ್ರೆಯು ಪ್ರಾರಂಭವಾಯಿತೆಂದು ತೋರಿಸುವ ಚಲಚ್ಚಿತ್ರಕ್ಕೆ ಬೆಟ್ಟದ ಮೇಲಣ ಈ ನೋಟವೇ ಉತ್ತರ.

ಚಲಚ್ಚಿತ್ರದಿಂದ ಮಕ್ಕಳು ಓದುವುದನ್ನೇ ಬಿಟ್ಟಾರೆಂದು ಹಿರಿಯರು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆಯಲ್ಲಿ ಹುರುಳಿದೆ. ಒಂದು ಗಂಟೆಯ ಚಿತ್ರವನ್ನು ಮೊದಲಿನಿಂದ ಕಡೆಯವರೆಗೆ ಓಡಿಸಿ, ಉಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ವಿಶ್ರಾಂತಿ ಪಡೆಯುವುದಾದರೆ ಅದು ಪಾಠವಲ್ಲ, ಬಿಡುವು. ಹತ್ತು ನಿಮಿಷಗಳ ಚಿತ್ರ, ಇಪ್ಪತ್ತು ನಿಮಿಷಗಳ ಮಾತು ಎಂಬ ಪ್ರಮಾಣವು ಸರಿಯಾದುದು. ಮತ್ತೊಂದು ಎಚ್ಚರಿಕೆಯೂ ಬೇಕು. ೧೯೮೮ರಲ್ಲಿ ದೂರದರ್ಶನದಲ್ಲಿ ಬಂದ, ಶ್ಯಾಮ್ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ ಎಂಬ ೫೩ ಕಂತುಗಳ ಮಾಲೆಯನ್ನು ಅನೇಕರು ಮೆಚ್ಚಿರುವರು; ಟಿಪ್ಪುವಿನ ಕಂತೂ ಅದರಲ್ಲುಂಟು. ಆದರೆ ಅದರ ಬಹುಭಾಗವು ನಟರು ವೇಷಕಟ್ಟಿ ಅಭಿನಯಿಸಿದುದು. ವೇಷದವನ ಮಾತಿಗೂ ಹಳೆಯ ಪತ್ರದ ಮಾತಿಗೂ ಭೇದವನ್ನು ಹೇಳಿಕೊಡದಿದ್ದರೆ, ನಟನ ಮುಖವೇ ಸುಲ್ತಾನನ ಮುಖವೆಂದು ಮಕ್ಕಳು ನಂಬಿಬಿಡುವರು. ಈ ವಿಷಯದಲ್ಲಿ ದೊಡ್ಡವರೂ ಮಕ್ಕಳೇ.

ಬೆಟ್ಟ ಹತ್ತುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಬಂಡೆಯು ಜಾರುವುದು, ಬೇಸಿಗೆಯಲ್ಲಿ ಕಾಯುವುದು. ಕಾರ್ತಿಕದಿಂದ ಮಾಘದವರೆಗಿನ ಕಾಲವು ಉತ್ತಮ. ಕುಡಿಯುವ ನೀರನ್ನು ಕೆಳಗಿನಿಂದಲೇ ಹೊತ್ತುಕೊಂಡು ಹೋಗತಕ್ಕದ್ದು, ಮತ್ತು ಸಣ್ಣ ಹುಡುಗರನ್ನು ಗೋಡೆಯ ಅಂಚಿಗೆ ಬಿಡತಕ್ಕದ್ದಲ್ಲ. ಹೊರಡುವ ಹಿಂದಿನ ದಿವಸ ಚಿತ್ರವನ್ನು ಒಮ್ಮೆ ತೋರಿಸಿ, ಹತ್ತಿ ಇಳಿದು ಬಂದ ವಾರದಲ್ಲಿ ಅದೇ ಚಿತ್ರವನ್ನು ಇನ್ನೊಮ್ಮೆ ತೋರಿಸಬೇಕು. ಎರಡನೆಯ ಸಲ, ಹೋಮನ ಪಟವು ತೆರೆಯ ಮೇಲೆ ಬಂದಾಗ, ಉಪಾಧ್ಯಾಯರು ಯಂತ್ರಕ್ಕೆ ಕೈಹಾಕುವ ಮೊದಲೇ ಹಿಂದಿನ ಸಾಲಿನಿಂದ ಯಾರಾದರೊಬ್ಬನು, ಸ್ವಲ್ಪ ನಿಲ್ಲಿಸಿ ಎಂದು ಕೂಗುವನು.